ಬಳ್ಳಾರಿಯ ಬಿಸಿಲು ಕೇಳಲು ಬರುತ್ತಿದ್ದವಳು

ಬೀಜಾಡಿಯ ನಮ್ಮ ಮನೆಗೆ ರೇಡಿಯೋ ಬಂದ ಮೇಲೆ ನನ್ನ ಜಗಲಿ ನನ್ನದಾಗಿ ಉಳಿಯಲಿಲ್ಲ. ಸಂಜೆ ವಾರ್ತೆಯ ಹೊತ್ತಿಗೆ ಊರಿನ ಅರ್ಧ ಗಂಡಸರು ಅಲ್ಲಿ ಬಂದು ಕೂರುವರು. ಎಲೆ ಅಡಿಕೆ ನನ್ನದು, ಅಂಗಳದ ತುಂಬ ಉಗುಳು ಅವರದು. ನಮ್ಮನೆಯವರಿಗೋ ಅದೊಂದು ದರ್ಬಾರು, ಗುಂಡಿ ತಿರುಗಿಸುವ ಅಧಿಕಾರ ಅವರೊಬ್ಬರದೇ. ನಾನು ಒಳಗಿನಿಂದ ಬಯ್ಯುತ್ತಲೇ ಇದ್ದೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅರವತ್ತೆರಡನೆಯ ಇಸವಿಯ ಬೇಸಗೆಯಲ್ಲಿ ಆ ಗಂಡಸರ ನಡುವೆ ಒಬ್ಬಳು ಹೆಂಗಸೂ ಬರತೊಡಗಿದಳು. ಗದ್ದೆಯಾಚೆಯ ಮನೆಯ ಪ್ರಭಾವತಿ. ಜಗಲಿ ಹತ್ತುತ್ತಿರಲಿಲ್ಲ, ಅಂಗಳದಲ್ಲೇ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ವಾರ್ತೆಯಲ್ಲಿ ಯಾವ ದೇಶ ಮುಳುಗಿದರೂ ಅವಳಿಗೆ ಬೇಕಿರಲಿಲ್ಲ. ಕೊನೆಗೆ ಹವೆಯ ವಿಷಯ ಬರುವಾಗ ಮಾತ್ರ ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸುತ್ತಿದ್ದಳು. ಅದರಲ್ಲೂ ನಮ್ಮ ಕರಾವಳಿಯದಲ್ಲ, ಬಯಲುಸೀಮೆಯದು.

ಅವಳ ಮಗಳು ಗಿರಿಜಾ ಬಳ್ಳಾರಿಯಲ್ಲಿದ್ದಳು. ಅಳಿಯ ಶೇಖರ ಅಲ್ಲಿ ಹೋಟೆಲು ಇಟ್ಟಿದ್ದ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳು ಮುಗಿಯುತ್ತ ಬಂದಿತ್ತು, ಹೆರಿಗೆಗೆ ತವರಿಗೆ ಕರೆತರಬೇಕು. ಎಂಟನೆಯ ತಿಂಗಳಲ್ಲಿ ಬಸುರಿ ಹೊಳೆ ದಾಟಬಾರದು ಎಂದು ನಮ್ಮ ಕಡೆ ನಂಬಿಕೆ. ಹೊಳೆ ದಾಟದೆ ಬೀಜಾಡಿಗೆ ಬರುವ ದಾರಿ ಯಾವುದಿದೆ? ಹುಬ್ಬಳ್ಳಿವರೆಗೆ ರೈಲು, ಆಮೇಲೆ ಬಸ್ಸು, ನಡುನಡುವೆ ದೋಣಿ. ಒಂಬತ್ತರಲ್ಲಿ ತರೋಣವೆಂದರೆ ಅಷ್ಟರಲ್ಲಿ ಮಳೆಗಾಲ ಹಿಡಿದು ಹೊಳೆಗಳೆಲ್ಲ ಕೆಂಪಾಗಿ ತುಂಬಿರುತ್ತವೆ. ಹಾಗಾಗಿ ಅಮಾವಾಸ್ಯೆಯೊಳಗೆ, ಏಳು ತುಂಬುವ ಮೊದಲೇ, ಹುಡುಗಿ ಮನೆಯಲ್ಲಿರಬೇಕೆಂದು ಪ್ರಭಾವತಿಯ ಅಣ್ಣ ರಾಜೀವ ಶೆಟ್ಟರು ತೀರ್ಮಾನಿಸಿದ್ದರು. ಅವರಲ್ಲಿ ಸೋದರಮಾವನ ಮಾತೆಂದರೆ ಮುಗಿಯಿತು. ಅಮಾವಾಸ್ಯೆಗೆ ಉಳಿದದ್ದು ಒಂದೇ ವಾರ.

ಆ ಸಂಜೆ ದುಗ್ಗಪ್ಪ ತನ್ನ ಎತ್ತು ಕುಂಟಿದ ಕತೆಯನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ರೇಡಿಯೋ "ಉತ್ತರ ಒಳನಾಡಿನಲ್ಲಿ" ಎಂದಿತಷ್ಟೆ, ಕಂಬದ ಕಡೆಯಿಂದ ಕೂಗು ಬಂತು.

"ಹ್ವಾಯ್! ಒಂದ್ ಗಳ್ಗಿ ಬಾಯಿ ಮುಚ್ಕಂಡ್ ಕೂಕಂಬುಕೆ ಆತ್ತಿಲ್ಯಾ ನಿಮ್ಗೆ?"

ಪ್ರಭಾವತಿ ಗಂಡಸರ ಮೇಲೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಳಗೊಳಗೇ ಖುಷಿಯಾಯಿತು. ಆದರೆ ರೇಡಿಯೋ ಹೇಳಿದ್ದು ಕೇಳಿ ಆ ಖುಷಿ ಇಳಿದುಹೋಯಿತು. ಮುಂದಿನ ಒಂದು ವಾರ ಅಲ್ಲಿ ಬಿಸಿಲು ಇನ್ನೂ ಏರುತ್ತದೆ, ಹಗಲೆಲ್ಲ ಬಿಸಿಗಾಳಿ ಬೀಸುತ್ತದೆ, ಮಳೆಯ ಸುಳಿವಿಲ್ಲ. ಓದಿದವನ ದನಿಯಲ್ಲಿ ಏನೂ ಇರಲಿಲ್ಲ. ಅವನ ಮಗಳೇನು ಬಳ್ಳಾರಿಯಲ್ಲಿದ್ದಳೇ!

ಮರುದಿನ ಬೆಳಿಗ್ಗೆ ರಾಜೀವ ಶೆಟ್ಟರು ಬಸ್ಸಿಗೆಂದು ನಮ್ಮ ಅಂಗಳ ದಾಟಿಯೇ ಹೊರಟರು. ಹಿಂದಿನಿಂದ ಪ್ರಭಾವತಿ ಓಡೋಡಿ ಬಂದಳು.

"ಅಣ್ಣ, ಒಂದ್ ವಾರ ತಡಿ. ಅಲ್ಲಿ ಬೆಂಕಿ ಸುರಿತಿತ್ತ್ ಅಂಬ್ರ್. ಹೆಣ್ಣನ್ನ ಆ ಬಿಸ್ಲಗೆ ಕರ್ಕಂಡ್ ಬಪ್ಪುದ್ ಬ್ಯಾಡ."

"ವಾರ ಕಳ್ದ್ರೆ ಎಂಟ್ ಹಿಡಿತ್ತಲ್ದಾ? ಎಂತಾರೂ ಆರೆ ಊರೋರ್ ಬಯ್ಯುದ್ ಯಾರನ್ನ? ನನ್ನನ್ನಲ್ದಾ?"

"ರೇಡಿಯೋದಗೆ ಹೇಳ್ಯಾರ್ ಅಣ್ಣ."

"ಆ ಪೆಟ್ಗಿ ಎಂತ ನಮ್ಮ್ ಮನಿ ಹಿರಿಯನಾ?"

ಹೀಗೆ ಗದರಿದರೂ ಅವರ ಹೆಗಲ ಮೇಲಿನ ಗೋಣಿಯಲ್ಲಿ ಬಟ್ಟೆಬರೆ ಇರಲಿಲ್ಲ. ತುಂಬ ಎಳನೀರಿನ ಬೊಂಡ ಇತ್ತು, ತಮ್ಮ ಮನೆಯ ಕೆಂದೆಂಗಿನದು. ದಾರಿಯಲ್ಲಿ ಹುಡುಗಿಗೆ ಬಾಯಾರಬಾರದಲ್ಲ. ಕೆಟ್ಟವರೇನಲ್ಲ ಅವರು, ಗಿರಿಜೆಯನ್ನು ಅದೇ ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು. ಬಿಸಿಲಿನ ಹೆದರಿಕೆ ಅವರಿಗೂ ಇತ್ತು. ಎಂಟರ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು, ಅಷ್ಟೆ.

ಆಮೇಲಿನ ಸಂಜೆಗಳಲ್ಲಿ ಪ್ರಭಾವತಿ ಬರುವುದಕ್ಕೆ ಮೊದಲೇ ದುಗ್ಗಪ್ಪ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಹವೆ ದಿನವೂ ಅದೇ, ಬಿಸಿಲು ಮತ್ತು ಬಿಸಿಗಾಳಿ. ಇಲ್ಲಿ ಕಡಲ ಗಾಳಿ ತಣ್ಣಗೆ ಬೀಸಿದರೆ ಅವಳು ತಪ್ಪು ಮಾಡಿದವಳಂತೆ ಗೋಡೆಯ ಮರೆಗೆ ಸರಿಯುತ್ತಿದ್ದಳು. "ಒಳಗ್ ಬನಿ ಪ್ರಭಾವತಿ, ಒಂದ್ ಲೋಟ ನೀರ್ ಮಜ್ಜಿಗಿ ಕುಡೀನಿ" ಎಂದರೆ, "ಬ್ಯಾಡ ಅಮ್ಮ, ಇಳಿತ್ತಿಲ್ಲ" ಎನ್ನುವಳು. ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ನಮ್ಮನೆಯವರ ಮೇಲೆ ಹರಿಹಾಯುತ್ತಿದ್ದೆ.

ಅಮಾವಾಸ್ಯೆಗೆ ಮೊದಲೇ ಹುಬ್ಬಳ್ಳಿಯಿಂದ ತಂತಿ ಬಂತು. ವಿವರ ತಿಳಿದದ್ದು ಆಮೇಲೆ. ರೈಲಿನ ಡಬ್ಬಿ ಒಲೆಯಂತೆ ಕಾದಿತ್ತಂತೆ. ಕೊಪ್ಪಳದಲ್ಲಿ ಹುಡುಗಿಗೆ ತಲೆ ಸುತ್ತಿತು, ಗದಗ ದಾಟುವಾಗ ನೋವು ಹಿಡಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತು, ಉಳಿಯಲಿಲ್ಲ. ಗಿರಿಜಾ ಉಳಿದಳು, ಏಳುವ ತ್ರಾಣವಿಲ್ಲದೆ ಮಲಗಿದ್ದಳು.

ಸುದ್ದಿ ತಿಳಿದು ಬಳ್ಳಾರಿಯಿಂದ ಓಡಿಬಂದ ಶೇಖರನನ್ನು ಅವಳ ಬಳಿ ಬಿಟ್ಟು, ತಂಗಿಯನ್ನು ಕರೆದೊಯ್ಯಲು ರಾಜೀವ ಶೆಟ್ಟರು ಊರಿಗೆ ಬಂದರು. ಬಂದ ಸಂಜೆಯೇ ಇಬ್ಬರೂ ನಮ್ಮಲ್ಲಿಗೆ ಬಂದರು. ಪ್ರಭಾವತಿ ಎಂದಿನಂತೆ ಕಂಬಕ್ಕೆ ಒರಗಿದಳು. ಶೆಟ್ಟರು ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕೂತರು. ನಾನು ನೀರು ಕೊಟ್ಟೆ. ಚೊಂಬು ಕೈಯಲ್ಲಿ ಹಿಡಿದುಕೊಂಡೇ, "ಬೊಂಡ ಎಲ್ಲ ಕುಡ್ಸಿದೆ ಅಮ್ಮ. ಒಂದೂ ಉಳ್ಸಲಿಲ್ಲ" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಹವೆಯ ವಿಷಯ ಬಂತು. ಉತ್ತರ ಒಳನಾಡಿನಲ್ಲಿ ನಾಳೆಯಿಂದ ಗುಡುಗು ಮಳೆ, ಇಡೀ ವಾರ ಬಿಸಿಲು ಇಳಿಯುತ್ತದೆ. ಶೆಟ್ಟರು ತಲೆ ಎತ್ತಿ ರೇಡಿಯೋವನ್ನೇ ನೋಡಿದರು. "ಇನ್ನೊಂದ್ ಸಲ ಹೇಳತ್ತಾ?" ಎಂದು ನಮ್ಮನೆಯವರನ್ನು ಕೇಳಿದರು. ಇಲ್ಲವೆಂದು ಇವರು ತಲೆಯಾಡಿಸಿದರು.

ಪ್ರಭಾವತಿ ಈ ಸಲ ಕೂಗಲಿಲ್ಲ. ಅಣ್ಣನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದಳು.

"ಕೇಂಡ್ಯಾ ಅಣ್ಣ? ಇನ್ನ್ ತಂಪಾತ್ತಂಬ್ರ್. ಏಳ್, ಹೋಯಿ ಕರ್ಕಂಡ್ ಬಪ್ಪ. ಖಾಲಿ ಹೊಟ್ಟಿಗೆ ಏಳೂ ಇಲ್ಲ, ಎಂಟೂ ಇಲ್ಲ. ಯಾವ್ ಹೊಳಿ ಬೇಕಾರೂ ದಾಟ್ಲಕ್ಕ್."