ಬಲಗಡೆಯ ಊರುಗಳು

ಏಳನೆಯ ಕೋಟೆ ಗೆದ್ದ ಶನಿವಾರ ಸಂಜೆ ರುದ್ರೇಶ್ ಬೀದಿಯ ಮನೆಮನೆಗೂ ಸಕ್ಕರೆ ಹಂಚಿಸಿದರು. ಕಂಪ್ಯೂಟರ್ ಆಟ ಗೆದ್ದದ್ದಕ್ಕೆ ನಲವತ್ತೇಳು ವರ್ಷದ ಮನುಷ್ಯ ಸಕ್ಕರೆ ಹಂಚಿಸಿದನಂತೆ ಎಂದು ನಂಜನಗೂಡಿನ ಆ ಬೀದಿ ಎರಡು ದಿನ ನಕ್ಕಿತು. ಮಗಳು ನಂದಿತಾಗೆ ಮಾತ್ರ ನಗು ಬರಲಿಲ್ಲ. ಆ ಕೋಟೆ ಗೆಲ್ಲಿಸಿದವಳು ಅವಳೇ. ಅದು ಅಪ್ಪನಿಗೆ ಗೊತ್ತಿರಲಿಲ್ಲ.

ರುದ್ರೇಶ್ ಇಪ್ಪತ್ತೆರಡು ವರ್ಷ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಪ್ರೈವೇಟ್ ಬಸ್ ಓಡಿಸಿದವರು. ಎರಡು ಸಾವಿರದ ಐದರ ಯುಗಾದಿ ಕಳೆದ ವಾರವೇ ಲಕ್ವ ಹೊಡೆದು ಬಲಗೈ ಜೋತುಬಿತ್ತು. ಕೈ ಮೆಲ್ಲಮೆಲ್ಲಗೆ ಹಿಡಿತಕ್ಕೆ ಬಂತು. ಬೆರಳುಗಳಿಗೆ ಕೆಲಸ ಕೊಡಿ, ಹಾಗೇ ಕಣ್ಣನ್ನೂ ಒಮ್ಮೆ ತೋರಿಸಿ ಎಂದಿದ್ದರು ಡಾಕ್ಟರು. ಮೊದಲ ಮಾತು ರುದ್ರೇಶರ ಕಿವಿಗೆ ಬಿತ್ತು. ಎರಡನೆಯದಕ್ಕೆ, "ನನ್ ಕಣ್ಗೇನಾಗದೆ, ಹದ್ದಿನ್ ಕಣ್ಣು ಕಣವ್ವ ನಂದು" ಎಂದರು ಮಗಳಿಗೆ. ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ. ಅದು ಆ ಮನೆಯ ಮೊದಲ ತಪ್ಪು.

ನಂದಿತಾ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುವವಳು. ಅಂಗಡಿಯವರು ಬದಲಾಯಿಸಿದ ಹಳೇ ಕಂಪ್ಯೂಟರನ್ನು ಮನೆಗೆ ತಂದು, ಅಪ್ಪನ ಬೆರಳು ಆಡಲಿ ಎಂದು ಒಂದು ಆಟ ಹಾಕಿಕೊಟ್ಟಳು. ಒಬ್ಬ ಕುದುರೆ ಸವಾರ, ಕೊನೆಮೊದಲಿಲ್ಲದ ಒಂದು ನಾಡು. ಎತ್ತ ಬೇಕಾದರೂ ಹೋಗಬಹುದು, ಯಾವ ಊರಿನಲ್ಲಿ ಬೇಕಾದರೂ ತಂಗಬಹುದು. ಅಲ್ಲಲ್ಲಿ ಏಳು ಕೋಟೆ, ಕೋಟೆಗೊಬ್ಬ ಕಾವಲುಗಾರ. ಆಟ ಎಷ್ಟು ಕಷ್ಟ ಇರಬೇಕು ಎಂದು ಅದೇ ಕೇಳುತ್ತಿತ್ತು. ಈಸಿ, ನಾರ್ಮಲ್, ಹಾರ್ಡ್.

"ಹಾರ್ಡೇ ಇರ್ಲಿ ಕಣವ್ವ," ಎಂದರು ರುದ್ರೇಶ್. "ರೋಡ್ಗೆ ಅಡ್ಡ ಬರೋ ಎಮ್ಮೆ ಈಸಿಯಾ ನಾರ್ಮಲ್ಲಾ ಅಂತ ಕೇಳ್ಕಂಡು ಬಂದದಾ?"

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆರನೆಯ ಕೋಟೆ ಗೆದ್ದ ದಿನ ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ದೇವರ ಗೂಡಿನ ಮುಂದೆ ಕೂತುಬಿಟ್ಟರು. ಅವರ ವಂಶದಲ್ಲಿ ಮದುವೆಗಾಗಲಿ, ಹೊಲ ಕೊಳ್ಳುವುದಕ್ಕಾಗಲಿ ಮನೆದೇವರಲ್ಲಿ ಅಪ್ಪಣೆ ಕೇಳದೆ ಹೆಜ್ಜೆ ಇಟ್ಟವರಿಲ್ಲ. ದೇವರ ಮೇಲಿನ ಹೂ ಬಲಗಡೆಗೆ ಬಿದ್ದರೆ ಆಗಲಿ ಎಂದು ಅರ್ಥ, ಎಡಕ್ಕೆ ಬಿದ್ದರೆ ಬೇಡ ಎಂದು. ಒಂದು ಸಲ ಕೊಟ್ಟ ಅಪ್ಪಣೆಯನ್ನು ಮತ್ತೆ ಕೇಳುವಂತಿಲ್ಲ, ಅದು ದೇವರನ್ನೇ ಅನುಮಾನಿಸಿದಂತೆ. ಈ ಸಲ ರುದ್ರೇಶ್ ಹೂ ಇಡಲಿಲ್ಲ.

"ಏಳ್ನೇ ಕೋಟೆ ನನ್ ಕೈಲೇ ಬಿದ್ರೆ ನಾನು ಸ್ಟೇರಿಂಗ್ ಇಡೀಬೋದು ಅಂತ ನಿನ್ನಪ್ಣೆ," ಎಂದು ಗಟ್ಟಿಯಾಗಿಯೇ ಹೇಳಿ ಎದ್ದರು.

ಏಳನೆಯದು ಬೀಳಲೇ ಇಲ್ಲ. ಹದಿನೈದು ದಿನ ಕುದುರೆ ಸವಾರ ಸತ್ತು ಸತ್ತು ಎದ್ದ. ರುದ್ರೇಶರಿಗೆ ಊಟ ಸೇರದಾಯಿತು. ಆ ಶುಕ್ರವಾರ ಮಧ್ಯಾಹ್ನ ಹೆಂಡತಿ ಪುಟ್ಟಬಸಮ್ಮ ಹುಡುಕಿಕೊಂಡು ಹೋದಾಗ ಕಪಿಲೆ ಹೊಳೆಯ ಸೋಪಾನಕಟ್ಟೆಯಲ್ಲಿ ಎದೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಿದ್ದರಂತೆ. ಕರೆದುಕೊಂಡು ಬಂದ ಅವ್ವ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು, "ನಿಮ್ಮಪ್ಪಾಜಿ ನಮ್ ಕೈಗ್ ಸಿಕ್ಕಾಕಿಲ್ಲ ಕಣವ್ವ" ಎಂದಳು. ಮರುದಿನ ಅಪ್ಪ ಬಚ್ಚಲಿಗೆ ಹೋದಾಗ ನಂದಿತಾ ಹಾರ್ಡನ್ನು ಈಸಿ ಮಾಡಿಟ್ಟಳು. ಸಂಜೆ ಕಾವಲುಗಾರ ನಾಲ್ಕೇ ಏಟಿಗೆ ನೆಲ ಕಚ್ಚಿದ. ಅಪ್ಪ ಮಗುವಿನಂತೆ ಅತ್ತರು. ಬಸ್ ಮಾಲೀಕ ಬೆಟ್ಟಸ್ವಾಮಿಯ ಮನೆಗೆ ಅಂದೇ ನಡೆದುಹೋಗಿ, ಸೋಮವಾರ ಬೆಳಗ್ಗೆ ಆರೂ ನಲವತ್ತರ ಮೊದಲ ಟ್ರಿಪ್ ಕೇಳಿಕೊಂಡು ಬಂದರು.

ನಂದಿತಾಗೂ ಖುಷಿಯೇ ಆಗಿತ್ತು, ಸುಳ್ಳೇಕೆ. ಭಾನುವಾರ ಬೆಳಗ್ಗೆ ಅಪ್ಪನ ಪರಾಕ್ರಮ ನೋಡೋಣ ಎಂದು ಆಟ ತೆರೆದಳು. ಮೂಲೆಯಲ್ಲಿ ಆಟವೇ ಲೆಕ್ಕ ಬರೆದಿತ್ತು, ಮುಗಿದದ್ದು ನೂರಕ್ಕೆ ನಲವತ್ತೆಂಟು. ಕೋಟೆ ಏಳೂ ಬಿದ್ದ ಮೇಲೆ ಇದೇನು ಅರ್ಧ ಎಂದುಕೊಂಡು ನಾಡಿನ ನಕ್ಷೆ ತೆಗೆದಳು. ಸವಾರ ಕಾಲಿಟ್ಟ ಕಡೆಯೆಲ್ಲ ಹಸಿರು, ಇಡದ ಕಡೆ ಕಪ್ಪು. ಎಡಗಡೆ ಒಂದು ಹಳ್ಳ, ಒಂದು ಗುಡಿ ಬಿಟ್ಟಿರಲಿಲ್ಲ, ಅಷ್ಟೂ ಹಸಿರು. ಕೋಟೆಗಳೂ ಅಪ್ಪನ ಪುಣ್ಯಕ್ಕೆ ಎಡಕ್ಕೂ ನಡುವಿಗೂ ಇದ್ದವು. ಬಲಗಡೆ ಇಪ್ಪತ್ತಮೂರು ಊರು. ಅಷ್ಟೂ ಕಪ್ಪು, ಒಂದರಲ್ಲೂ ದೀಪ ಹತ್ತಿರಲಿಲ್ಲ.

"ಅಪ್ಪಾಜಿ, ಈ ಊರ್ಗಳ್ಗೆ ಯಾಕ್ ಓಗ್ನಿಲ್ಲ ನೀವು?"

ರುದ್ರೇಶ್ ಬಗ್ಗಿ ನೋಡಿದರು. "ಯಾವೂರವ್ವ? ಎಲ್ಲಾ ಊರ್ಗೂ ಓಗಿವ್ನಿ. ಮುಗೀತಲ್ಲ ಆಟ."

ನಂದಿತಾ ಆಟ ಮುಚ್ಚಿದಳು. ಮಧ್ಯಾಹ್ನ ಅಪ್ಪ ಉಂಡೆದ್ದ ತಟ್ಟೆಯಲ್ಲಿ ಬಲಕ್ಕೆ ಹಾಕಿದ ಹುರುಳಿಕಾಯಿ ಪಲ್ಯ ಹಾಗೇ ಇತ್ತು. ಅವ್ವ ಎಷ್ಟೋ ದಿನದಿಂದ ಇವರಿಗೆ ಪಲ್ಯ ಸೇರದು ಎಂದು ಗೊಣಗುತ್ತಿದ್ದಳು. ಏಳನೆಯ ಕೋಟೆಯ ಕಾವಲುಗಾರನೂ ಯಾವಾಗಲೂ ಬಲದಿಂದಲೇ ಬಂದು ಕಡಿಯುತ್ತಿದ್ದ. ಎಲ್ಲ ಒಟ್ಟಿಗೆ ನೆನಪಾಗಿ ಅವಳಿಗೆ ಅರ್ಥವಾಯಿತು, ಲಕ್ವ ಹೊಡೆದ ಮೇಲೆ ಅಪ್ಪನಿಗೆ ಬಲಗಡೆಯದೇನೂ ಕಾಣುತ್ತಿಲ್ಲ. ಎದುರು ಬರುವ ಲಾರಿ ಬರುವುದೂ ಡ್ರೈವರನ ಬಲಗಡೆಯಿಂದಲೇ.

ಸಂಜೆ ಹೇಳಲೆಂದು ಬಾಯಿ ತೆರೆದಳು. "ಇನ್ನೊಂದ್ಸಲ ಕೋಟೆ ಆಡಿ ಅಪ್ಪಾಜಿ, ನಾನು ನೋಡ್ಬೇಕು" ಎಂದದ್ದಕ್ಕೆ ಅಪ್ಪ ಕೆನ್ನೆ ಬಡಿದುಕೊಂಡರು. "ಬುಡ್ತು ಅನ್ನು. ಕೊಟ್ಟ ಅಪ್ಪಣೇನ ತಿರ್ಗಿ ಕೇಳ್ತಾರಾ?" ಇಸ್ತ್ರಿ ಮಾಡಿಸಿದ ಖಾಕಿ ಅಂಗಿ ಗೂಟದಲ್ಲಿ ನೇತಾಡುತ್ತಿತ್ತು. ನಿಜ ಹೇಳಿದರೆ ಅಪ್ಪನನ್ನು ಹೊಳೆ ನುಂಗೀತು, ಹೇಳದಿದ್ದರೆ ರಸ್ತೆ. ಅವಳ ಹೆದರಿಕೆಗೆ ತಪ್ಪಿಸಿಕೊಳ್ಳುವ ಮೂರನೆಯ ದಾರಿ ಹೊಳೆಯಲಿಲ್ಲ.

ಸೋಮವಾರ ಬಸ್ ಸ್ಟ್ಯಾಂಡಿಗೆ ಅವಳೂ ಹಿಂದೆಯೇ ಹೋದಳು. ಸೀಟುಗಳು ತುಂಬಿದ್ದವು. ಹುರುಳಿ ಮೂಟೆಯವರು, ಕಾಲೇಜಿನ ಹುಡುಗಿಯರು, ಹಾಲುಗೂಸು ಎತ್ತಿಕೊಂಡ ಬಾಣಂತಿ. ಅಪ್ಪ ಸ್ಟೇರಿಂಗಿಗೆ ಕೈಮುಗಿದು ಇಂಜಿನ್ ಚಾಲೂ ಮಾಡಿದರು. ನಂದಿತಾ ಡ್ರೈವರ್ ಕಿಟಕಿಯ ಕೆಳಗೆ, ಬಲಗಡೆ, ಕೈಯೆತ್ತಿ ನಿಂತಳು. ಅಪ್ಪ ಎಡಗಡೆಯ ಕನ್ನಡಿ ನೋಡಿದರು. ಎದುರಿಗೆ ನೋಡಿದರು. ಅವಳು ಕೈ ಬೀಸಿದಳು, ಮೊಳದಷ್ಟು ದೂರದಲ್ಲಿ. ಅಪ್ಪ ಗೇರ್ ಹಾಕಿದರು.

ಬಸ್ ಅಲುಗಿತು. ನಂದಿತಾ ಎರಡೂ ಅಂಗೈಯಿಂದ ತಗಡು ಬಡಿದಳು.

"ಯಾರದು?" ರುದ್ರೇಶ್ ಬ್ರೇಕ್ ಒತ್ತಿ ಎಡಗಡೆಯ ಬಾಗಿಲಿನತ್ತ ನೋಡಿದರು.

"ನಾನು ಅಪ್ಪಾಜಿ. ಕೋಟೆ ನೀವ್ ಗೆಲ್ನಿಲ್ಲ. ಹಾರ್ಡ್ ತೆಗ್ದು ನಾನೇ ಈಸಿ ಮಾಡಿದ್ದೆ. ದೇವ್ರು ಹೂ ಕೊಡ್ನಿಲ್ಲ, ನಾನೇ ಬೀಳಿಸ್ದೆ."

ಅವರ ಕತ್ತು ನಿಧಾನವಾಗಿ ತಿರುಗಿತು, ಪೂರ್ತಿ ತಿರುಗಿತು, ಆಮೇಲೆ ಕಣ್ಣಿಗೆ ಮಗಳು ಬಿದ್ದಳು.

"ಎಷ್ಟೊತ್ನಿಂದ ನಿಂತಿದ್ದೀಯ ಇಲ್ಲಿ?"

"ನೀವು ಕೈ ಮುಗ್ದಾಗ್ಲಿಂದ."

ರುದ್ರೇಶ್ ಅವಳನ್ನೇ ನೋಡಿದರು. ಆಮೇಲೆ ಮುಖ ಎದುರಿಗೆ ತಿರುಗಿಸಿ, ಮತ್ತೆ ಅವಳತ್ತ ತಿರುಗಿಸಿ, ಹೀಗೆ ಎರಡು ಮೂರು ಸಲ ಮಾಡಿದರು. ಎದುರಿಗೆ ತಿರುಗಿದಾಗಲೆಲ್ಲ ಮಗಳು ಇಲ್ಲವಾಗುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ. ಹಿಂದೆ ಬಾಣಂತಿಯ ಕೂಸು ಅತ್ತಿತು. ಅವರು ಹಿಂತಿರುಗಿ ಆ ಕೂಸನ್ನು ನೋಡಿದರು. ಇಂಜಿನ್ ಆರಿಸಿ ಕೀ ತೆಗೆದರು.

"ಬೇರೆ ಡ್ರೈವರ್ ಬತ್ತಾರೆ, ಸ್ವಲ್ಪ ತಡ್ಕಳಿ ಕಣ್ರಪ್ಪ," ಎಂದರು. ಯಾರೋ ಬೈದುಕೊಂಡರು. ಕೀಯನ್ನು ಕಂಡಕ್ಟರನ ಕೈಗಿಟ್ಟು ಅವರು ಕೆಳಗಿಳಿದರು. ಹೊಳೆಯ ದಾರಿ ಎದುರಿಗೇ ಇತ್ತು. ನಂದಿತಾ ಅವರ ಎಡಗೈ ಹಿಡಿದುಕೊಂಡಳು.

ರುದ್ರೇಶ್ ಕೈ ಬಿಡಿಸಿಕೊಂಡರು.

"ಆ ಕಡೆಯಲ್ಲ ಕಣವ್ವ," ಎಂದರು. "ನನ್ ಬಲಗಡೆ ಬಂದು ನಡಿ."