ಮೇಲಿನ ಗೆರೆ ದಾಟಿದ ಆಯಿಲ್

ಬುದಾಯ್ ಎಂಬ ಬಂದರಿನ ಊರಿನಲ್ಲಿ ಸ್ಕೂಟರು ಕೆಟ್ಟವರು ಅದನ್ನು ತಳ್ಳಿಕೊಂಡು ತಿಯಾಮ್‌ಹೋಕ್‌ನ ಅಂಗಡಿಗೆ ಬರುತ್ತಾರೆ. ಕೆಡದವರು ಚಹಾ ಕುಡಿಯಲು ಬರುತ್ತಾರೆ. ಅಂಗಡಿಯ ಜಗಲಿಯಲ್ಲಿ ಒಂದು ಬದಿಗೆ ಬಿಚ್ಚಿ ಹರವಿದ ಇಂಜಿನ್, ಇನ್ನೊಂದು ಬದಿಗೆ ಚಹಾದ ಮೇಜು, ಅದರ ಮೇಲೆ ಸದಾ ಕುದಿಯುವ ಕೆಟಲ್ಲು, ಒಂದೇ ಗುಟುಕಿಗೆ ಖಾಲಿಯಾಗುವ ಪುಟ್ಟ ಬಟ್ಟಲುಗಳು. ಯಾರು ಬೆಳೆಸಿದ ಕಡಲ ಸಿಂಪಿ ಈ ಸಲ ಬಡಕಲಾಗಿದೆ, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಎಲ್ಲದರ ಪಂಚಾಯಿತಿ ಆ ಮೇಜಿನ ಮುಂದೆಯೇ. ಅಲ್ಲಿ ಬಿದ್ದ ಮಾತು ಬಂದರಿಗೆ ತಲುಪಲು ಸ್ಕೂಟರು ಕೂಡ ಬೇಕಿಲ್ಲ.

ತಿಯಾಮ್‌ಹೋಕ್ ಅರವತ್ತು ದಾಟಿದವನು, ಹೆಂಡತಿಯನ್ನು ಕಳೆದುಕೊಂಡವನು, ಬಾಯಿ ಸ್ವಲ್ಪ ಜೋರು. ಮಗಳು ಬೀಹುನ್ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೆಲಸ ಕಲಿತವಳು. ಹೆಣ್ಣುಮಗಳ ಕೈಗೆ ಗಾಡಿ ಕೊಡಲು ಊರಿನವರು ಮೊದಮೊದಲು ಹಿಂದೆಮುಂದೆ ನೋಡಿದರು. ಅವಳು ಯಾರ ಜೊತೆಗೂ ವಾದಕ್ಕಿಳಿಯದೆ ಒಂದೊಂದೇ ಗಾಡಿಯನ್ನು ಸರಿಮಾಡುತ್ತ ಒಬ್ಬೊಬ್ಬರನ್ನೇ ಒಲಿಸಿಕೊಂಡಳು. ಈಗೀಗ ಕೆಲವರು ‘ಮುದುಕನಿಗಿಂತ ಹುಡುಗೀನೇ ವಾಸಿ’ ಎನ್ನುತ್ತಿದ್ದರು. ಅದು ತಿಯಾಮ್‌ಹೋಕ್‌ನ ಕಿವಿಗೂ ಬಿದ್ದಿತ್ತು. ಖುಷಿಯೂ ಆಗಿತ್ತು, ಒಳಗೆಲ್ಲೋ ಚುರ್ರೆಂದೂ ಇತ್ತು.

“ಹೊಸ ವರ್ಷ ಕಳೆದ ಮೇಲೆ ಅಂಗಡಿ ಇವಳದ್ದು. ನಾನು ಗಾಳ ಹಾಕ್ಕೊಂಡು ಕಟ್ಟೆ ಮೇಲೆ ಕೂತಿರ್ತೀನಿ” ಎಂದು ಅವನೇ ಚಹಾದ ಮೇಜಿನ ಮುಂದೆ ಸಾರಿದ್ದ.

ಆದರೆ ಒಂದು ಚಟ ಅವನನ್ನು ಬಿಡಲಿಲ್ಲ. ಮಗಳು ಆಯಿಲ್ ಬದಲಿಸಿದ ಗಾಡಿ ಅಂಗಡಿ ದಾಟುವ ಮೊದಲು ಎದ್ದು ಹೋಗಿ, ಅಳತೆಯ ಕಡ್ಡಿ ಎಳೆದು ತಾನೊಮ್ಮೆ ನೋಡಲೇಬೇಕು. ಕಡ್ಡಿಯ ತುದಿಯಲ್ಲಿ ಎರಡು ಗೆರೆ, ಅವೆರಡರ ನಡುವೆ ಆಯಿಲ್ ನಿಂತಿರಬೇಕು. ಅವನು ಕಲಿತ ಕಾಲದ ಗಾಡಿಗಳಲ್ಲಿ ಕಡ್ಡಿಯನ್ನು ಒರೆಸಿ, ತಿರುಗಿಸದೆ ತೂತಿನ ಬಾಯಿಗೆ ಸುಮ್ಮನೆ ಕೂರಿಸಿ ಎತ್ತಿದರೆ ಅಳತೆ ಸರಿಯಾಗಿ ಕಾಣುತ್ತಿತ್ತು. ಜೀವಮಾನವಿಡೀ ಹಾಗೇ ನೋಡಿದ್ದ. ಇತ್ತೀಚೆಗೆ ಬಂದ ಒಂದು ಮಾದರಿಯ ಸ್ಕೂಟರಿಗೆ ಆ ಲೆಕ್ಕ ನಡೆಯುವುದಿಲ್ಲ ಎಂದು ಬೀಹುನ್ ಅವನಿಗೆ ಹೇಳಿದ್ದಳು.

“ಅಪ್ಪ, ಇದಕ್ಕೆ ಕಡ್ಡೀನ ಪೂರ್ತಿ ತಿರುಗಿಸಿ ಕೂರಿಸಿ ಆಮೇಲೆ ತೆಗೀಬೇಕು. ಸುಮ್ನೆ ಇಟ್ಟು ನೋಡಿದ್ರೆ ಕಡ್ಡಿ ಮೇಲೇ ನಿಂತಿರತ್ತೆ, ಆಯಿಲ್ ಕಮ್ಮಿ ಇರೋ ಹಾಗೆ ಕಾಣತ್ತೆ.”

“ನಾನು ಕಡ್ಡಿ ನೋಡೋಕೆ ಶುರು ಮಾಡಿದಾಗ ನೀನು ನಿಮ್ಮಮ್ಮನ ಹೊಟ್ಟೇಲೂ ಇರ್ಲಿಲ್ಲ” ಎಂದು ಅವನು ನಕ್ಕುಬಿಟ್ಟಿದ್ದ.

ಗಿಯೋಕ್‌ಲಾನ್ ಎಂಬವಳು ಸಂತೆಯಲ್ಲಿ ಚಿಪ್ಪು ಸುಲಿದ ಸಿಂಪಿ ಮಾರುವವಳು. ಅವಳದ್ದು ಅದೇ ಹೊಸ ಮಾದರಿಯ ಗಾಡಿ. ಬೀಹುನ್ ಅದನ್ನು ಡಬಲ್ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿ, ಹಳೆಯ ಆಯಿಲ್ ಇಳಿಸಿ, ಹೊಸದನ್ನು ಅಳೆದು ಸುರಿದು, ಇಂಜಿನ್ ಸ್ವಲ್ಪ ಓಡಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು, ಕಡ್ಡಿ ತಿರುಗಿಸಿ ನೋಡಿದಳು. ಸರಿಯಾಗಿತ್ತು. ಬಾಟಲಿಯಲ್ಲಿ ಉಳಿದದ್ದನ್ನು ಬೆಂಚಿನ ಮೇಲಿಟ್ಟು ಅಕ್ಕಿ ತೊಳೆಯಲು ಒಳಗೆ ಹೋದಳು.

ತಿಯಾಮ್‌ಹೋಕ್ ಚಹಾ ಬಿಟ್ಟು ಎದ್ದ. ಕಡ್ಡಿ ಒರೆಸಿದ, ತನ್ನ ರೂಢಿಯಂತೆ ಸುಮ್ಮನೆ ಕೂರಿಸಿ ಎತ್ತಿದ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ‘ಅವಸರದ ಹುಡುಗಿ’ ಎಂದುಕೊಂಡು ಬಾಟಲಿ ಬಗ್ಗಿಸಿದ. ಮೇಲಿನ ಗೆರೆ ಬರುವ ತನಕ ಸುರಿದ. ಖಾಲಿಯಾದ ಬಾಟಲಿಯನ್ನು ಬೆಂಚಿನ ಮೇಲೇ ಇಟ್ಟ. ಮಗಳಿಗೆ ಹೇಳಿ ಯಾಕೆ ಬೇಜಾರು ಮಾಡುವುದು ಎಂದು ದೊಡ್ಡ ಮನಸ್ಸು ಮಾಡಿ, ಮತ್ತೆ ಬಂದು ಬಟ್ಟಲು ತುಂಬಿಸಿಕೊಂಡ. ಅವನ ದೊಡ್ಡ ಮನಸ್ಸು ಯಾವಾಗಲೂ ಹೀಗೆ ಬೇಡದ ಕಡೆಯೇ ಕೆಲಸ ಮಾಡುತ್ತದೆ.

ಎರಡೇ ದಿನಕ್ಕೆ ಗಿಯೋಕ್‌ಲಾನ್‌ಳ ಸ್ಕೂಟರು ಸಂತೆಯ ನಟ್ಟನಡುವೆ ಹೊಗೆಯುಗುಳಿತು. ಹೆಚ್ಚಾದ ಆಯಿಲ್ ಗಾಳಿ ಸೋಸುವ ಡಬ್ಬಿಗೆ ನುಗ್ಗಿ, ಅಲ್ಲಿಂದ ಇಂಜಿನ್ನಿಗೆ ಹೋಗಿ ಉರಿದಿತ್ತು. ಡೆಂಗ್ಯೂ ಸೊಳ್ಳೆಗೆ ಹೊಗೆ ಹೊಡೆಯುವವರು ಬಂದರೆಂದು ಮೀನಿನವರು ಬುಟ್ಟಿಗಳ ಮೇಲೆ ತಾಡಪಾಲು ಎಳೆದರು. ಒಬ್ಬಾಕೆ ಮೂಗು ಮುಚ್ಚಿಕೊಂಡು ಓಡುವಾಗ ಸೀಗಡಿಯ ಬಾನಿಗೇ ಕಾಲಿಟ್ಟಳು. ಇಡೀ ಸಂತೆ ನಕ್ಕಿತು. ಗಿಯೋಕ್‌ಲಾನ್ ಗಾಡಿ ತಳ್ಳಿಕೊಂಡು, ಮೈಯೆಲ್ಲ ಬೆವರಾಗಿ ಅಂಗಡಿಗೆ ಬಂದಳು.

“ತಿಯಾಮಣ್ಣ, ನನ್ನ ಗಾಡಿಗೆ ಏನು ಸುರಿದಿದೀರಿ? ಜನ ನನ್ನನ್ನ ಸೊಳ್ಳೆ ಹೊಗೆಯವಳನ್ನಾಗಿ ಮಾಡಿಬಿಟ್ರಲ್ಲ!”

ಮೇಜಿನ ಸುತ್ತ ಉಪ್ಪಿನ ಗದ್ದೆಯಲ್ಲಿ ದುಡಿದು ನಿವೃತ್ತನಾದ ಖಿಮ್‌ಸುಯಿ, ಲಾರಿ ಓಡಿಸುವ ಹ್ವಾತ್, ಇನ್ನೂ ಒಂದಿಬ್ಬರು ಇದ್ದರು. ಬೀಹುನ್ ಗಾಳಿಯ ಡಬ್ಬಿ ಬಿಚ್ಚಿದಳು. ಒಳಗಿಂದ ಆಯಿಲ್ ದೊಳಕ್ಕನೆ ಸುರಿಯಿತು.

“ಆಯಿಲ್ ಜಾಸ್ತಿಯಾಗಿದೆ” ಎಂದಳು ಮೆಲ್ಲಗೆ.

ತಿಯಾಮ್‌ಹೋಕ್‌ಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷದಲ್ಲಿ ಅವನ ಅಂಗಡಿಯಿಂದ ಹೋದ ಗಾಡಿ ಹೀಗೆ ನಗೆಪಾಟಲಾಗಿರಲಿಲ್ಲ.

“ಸುರಿಯೋದು ಗೊತ್ತು, ನೋಡೋದು ಗೊತ್ತಿಲ್ಲ! ಎಷ್ಟು ಸಲ ಬಡ್ಕೊಂಡಿದೀನಿ, ಮೇಲಿನ ಗೆರೆ ದಾಟಬಾರ್ದು, ದಾಟಬಾರ್ದು ಅಂತ…”

ಎರಡನೇ ‘ದಾಟಬಾರ್ದು’ ಬಾಯಲ್ಲಿದ್ದಾಗಲೇ ಅವನಿಗೆ ನೆನಪಾಯಿತು. ಬಾಟಲಿ ಬಗ್ಗಿಸಿದ ತನ್ನದೇ ಕೈ ಕಣ್ಣಮುಂದೆ ಬಂತು. ಮಗಳು ಹೇಳಿದ್ದ ಮಾತೂ ನೆನಪಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆಮ್ಮು ಬಂದಂತೆ ಮಾಡಬಹುದಿತ್ತು. ಆದರೆ ಹ್ವಾತ್ ಬಟ್ಟಲನ್ನು ಅರ್ಧಕ್ಕೇ ಹಿಡಿದು ನೋಡುತ್ತಿದ್ದ, ಗಿಯೋಕ್‌ಲಾನ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“…ಕಣ್ಣು ಎಲ್ಲಿಟ್ಕೊಂಡಿದ್ದೆ?” ಎಂದು ಅವನು ಬೈಗುಳವನ್ನು ಪೂರ್ತಿ ಮಾಡಿದ.

ಬೀಹುನ್ ಬೆಂಚಿನ ಮೇಲಿದ್ದ ಖಾಲಿ ಬಾಟಲಿಯನ್ನು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. “ಬೇಜಾರು ಮಾಡ್ಕೋಬೇಡಿ ಚಿಕ್ಕಮ್ಮ, ನಂದೇ ತಪ್ಪು” ಎಂದು ಹಳೆಯ ಬನಿಯನ್ನಿನ ಚಿಂದಿ ತೆಗೆದುಕೊಂಡು ಒರೆಸಲು ಕೂತಳು.

ಮೇಜು ತನ್ನ ಕೆಲಸ ಮಾಡಿತು. ಸಂಜೆಯೊಳಗೆ ಬಂದರಿಗೆಲ್ಲ ಗೊತ್ತಾಯಿತು. ಮರುದಿನದಿಂದ ಬಂದವರೆಲ್ಲ ಬೀಹುನ್‌ಳನ್ನು ದಾಟಿಕೊಂಡು ನೇರ ಮುದುಕನ ಹತ್ತಿರ ಹೋಗತೊಡಗಿದರು. “ಯಜಮಾನ್ರೇ, ನೀವೇ ಒಂಚೂರು ನೋಡ್ತೀರಾ?” ಎನ್ನುತ್ತಿದ್ದರು. ಒಬ್ಬೊಬ್ಬರಾಗಿ ಒಲಿದವರು ಒಟ್ಟಿಗೇ ಎದ್ದುಹೋಗಿದ್ದರು. ಅವಳು ಮೂಲೆಯಲ್ಲಿ ಕೂತು, ತೊಳೆದಿದ್ದ ಸ್ಪ್ಯಾನರುಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಆ ಊರಿನ ಅಪ್ಪಂದಿರು ಮಕ್ಕಳ ಹತ್ತಿರ ‘ತಪ್ಪಾಯ್ತು’ ಎನ್ನುವುದಿಲ್ಲ. ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟು ‘ತಿನ್ನು’ ಎನ್ನುತ್ತಾರೆ. ಮಕ್ಕಳು ತಿಂದರೆ ಅಲ್ಲಿಗೆ ಮುಗಿಯಿತು. ತಿಯಾಮ್‌ಹೋಕ್ ಕೂಡ ಅಂಗಡಿ ಮುಚ್ಚಿದ ಮೇಲೆ ಕಪ್ಪುಗೆಂಪಾದ ಪನ್ನೇರಳೆಗಳನ್ನು ಆರಿಸಿ, ಹೆಚ್ಚಿ, ಅಡುಗೆಮನೆಯಲ್ಲಿ ಅವಳ ಮುಂದಿಟ್ಟ.

“ತಿನ್ನು. ಸಿಹಿಯಿದೆ.”

ಅವಳು ಮುಟ್ಟಲಿಲ್ಲ. “ಬೈದಿದ್ದು ನಾಲ್ಕು ಜನರ ಮುಂದೆ. ಹಣ್ಣು ಮಾತ್ರ ಅಡುಗೆಮನೇಲಾ ಅಪ್ಪ?”

ಅವನ ಮುಖ ಕೆಳಗಾಯಿತು. ಅದನ್ನು ಕಂಡು ಅವಳ ದನಿ ಮೆತ್ತಗಾಯಿತು.

“ಹೋಗ್ಲಿ ಬಿಡು. ಬಾಟ್ಲಿ ಖಾಲಿಯಾಗಿದ್ದು ನೋಡ್ದೆ. ನೀನೇ ಸುರಿದು ಮರ್ತಿದೀಯ. ಅಷ್ಟು ಜನರ ಮುಂದೆ ಹೇಳಿದ್ರೆ, ಮುದುಕನಿಗೆ ಅರಳುಮರಳು ಅಂತಾರೆ. ಅದಕ್ಕೇ ಬಾಯಿ ಮುಚ್ಕೊಂಡೆ.” ಸ್ವಲ್ಪ ತಡೆದು ಹೇಳಿದಳು, “ಅಜ್ಜಿಗೂ ಮರೆವು ಶುರುವಾಗಿದ್ದು ಹೀಗೇ ಅಲ್ವಾ? ಒಂದ್ಸಲ ಡಾಕ್ಟರ ಹತ್ರ ಹೋಗಿ ಬರೋಣ. ಹೆದರ್ಕೋಬೇಡ, ನಾನಿದೀನಿ.”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ತಿಯಾಮ್‌ಹೋಕ್ ಬಾಯಿ ತೆರೆದ.

“ಹೂಂ ಕಣೇ” ಎಂದ. “ಮರ್ತೇ ಹೋಗಿತ್ತು.”

ಬೀಹುನ್ ಒಂದು ಹೋಳು ತೆಗೆದುಕೊಂಡು ತಿಂದಳು. ದೊಡ್ಡದೊಂದನ್ನು ಆರಿಸಿ ಅಪ್ಪನ ಕಡೆ ತಳ್ಳಿದಳು. ಅದನ್ನು ಅಗಿಯುವಾಗ ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಂದಿನಿಂದ ಅವಳು ಅವನನ್ನು ನೋಡಿಕೊಂಡ ರೀತಿ ಬೈಗುಳಕ್ಕಿಂತ ಕಡೆ. ಒಲೆ ಆರಿಸಿದ್ದಾನಾ ಎಂದು ಹಿಂದೆಯೇ ಬಂದು ನೋಡುತ್ತಿದ್ದಳು. ಮಾತಿನ ನಡುವೆ ತೇಲಿಸಿದಂತೆ “ಇವತ್ತು ಯಾವ ವಾರ ಅಪ್ಪ?” ಎಂದು ಕೇಳುತ್ತಿದ್ದಳು. ಅವನು ಸರಿಯಾಗಿ ಹೇಳಿದರೆ ಅವಳ ಮುಖ ಅರಳುತ್ತಿತ್ತು. ವಾರದ ಹೆಸರು ಸರಿಯಾಗಿ ಹೇಳಿದ್ದಕ್ಕೂ ನಾಚಿಕೆಪಡುವ ಗತಿ ಅವನಿಗೆ ಬಂದಿತ್ತು.

ಹೀಗಿರುವಾಗ ಗಿಯೋಕ್‌ಲಾನ್ ತನ್ನ ಗಂಡನ ಸ್ಕೂಟರು ತಂದಳು. ಅದೂ ಅದೇ ಮಾದರಿ, ಅದಕ್ಕೂ ಆಯಿಲ್ ಬದಲಿಸಬೇಕಿತ್ತು. ಬಾಗಿಲ ಹತ್ತಿರವೇ ಇದ್ದ ಬೀಹುನ್ ಕೀಲಿಗಾಗಿ ಕೈ ಚಾಚಿದಳು. ಗಿಯೋಕ್‌ಲಾನ್ ಕೀಲಿಯಿದ್ದ ಕೈಯನ್ನು ಎದೆಗೆ ಒತ್ತಿಕೊಂಡಳು.

“ಬೇಜಾರಾಗ್ಬೇಡ ಮಗಾ, ನಿಮ್ಮಪ್ಪನೇ ಮಾಡ್ಲಿ.”

ಬೀಹುನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡಳು. ಒರೆಸಲು ಅದರಲ್ಲೇನೂ ಇರಲಿಲ್ಲ. ತಿಯಾಮ್‌ಹೋಕ್‌ಗೆ ಅಷ್ಟೇ ಸಾಕಾಯಿತು. ಅವನು ಎದ್ದು ನಿಂತ ರಭಸಕ್ಕೆ ಮೇಜು ಅಲ್ಲಾಡಿ ಚಹಾ ಚೆಲ್ಲಿತು.

“ಗಿಯೋಕ್‌ಲಾನ್, ಅವತ್ತು ಆಯಿಲ್ ಜಾಸ್ತಿ ಸುರಿದಿದ್ದು ನಾನು. ಇವಳು ಅಳತೆ ಸರಿಯಾಗೇ ಹಾಕಿದ್ಲು. ನಾನು ಕಡ್ಡಿ ತಿರುಗಿಸದೆ ನೋಡಿ, ಕಮ್ಮಿಯಿದೆ ಅಂತ ಮೇಲೆ ಸುರಿದೆ.”

ಖಿಮ್‌ಸುಯಿ ತೊಡೆ ತಟ್ಟಿದ.

“ನೋಡ್ರೋ! ಅಪ್ಪ ಅಂದ್ರೆ ಹೀಗಿರ್ಬೇಕು!”

“ಮಗಳ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಾನೆ” ಎಂದ ಹ್ವಾತ್. “ನಮ್ಮಪ್ಪ ಆಗಿದ್ರೆ ಇನ್ನೆರಡು ಬಿಗೀತಿದ್ದ.”

“ಬೀಹುನ್, ಪುಣ್ಯ ಮಾಡಿದೀಯಮ್ಮಾ” ಎಂದು ಗಿಯೋಕ್‌ಲಾನ್ ಕಣ್ಣೊರೆಸಿಕೊಂಡಳು. ಕೀಲಿ ಮಾತ್ರ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

“ತಮಾಷೆ ಅಲ್ಲ, ನಿಜವಾಗ್ಲೂ ನಾನೇ!” ಎಂದು ತಿಯಾಮ್‌ಹೋಕ್ ಕೂಗಿದ.

“ಗೊತ್ತು ಬಿಡೋ, ಗೊತ್ತು” ಎಂದು ಖಿಮ್‌ಸುಯಿ ಅವನ ಬಟ್ಟಲಿಗೆ ಚಹಾ ಹಾಕಿದ. “ನಿನ್ನದಾಗಿದ್ರೆ ಅವತ್ತೇ ಹೇಳ್ತಿರ್ಲಿಲ್ವಾ? ಯಾರು ತಾನೇ ತಾನು ಮಾಡಿದ್ದಕ್ಕೆ ಮಗಳನ್ನ ಹಾಗೆ ಬೈತಾರೆ?”

ಬೀಹುನ್ ಬೇಡ ಎಂಬಂತೆ ಅಪ್ಪನಿಗೆ ತಲೆಯಾಡಿಸಿದಳು. ಅವನ ಮರೆವಿನ ಸುದ್ದಿ ಹೊರಬಿದ್ದೀತೆಂಬ ಭಯ ಅವಳ ಮುಖದಲ್ಲಿತ್ತು. ಆ ಮುಖ ನೋಡಿದಾಗ ಅವನಿಗೆ ತಿಳಿಯಿತು. ಇವರು ನಂಬಬೇಕಾದರೆ ಮಗಳನ್ನು ಕಾಪಾಡಲು ಯಾವ ಅಪ್ಪನೂ ಕಟ್ಟಿ ಹೇಳಲಾರದ ಮಾತೊಂದನ್ನೇ ಹೇಳಬೇಕು. ಅಂಥದ್ದು ಅವನ ಹತ್ತಿರ ಒಂದೇ ಇತ್ತು. ಅದನ್ನು ಹೇಳಿದರೆ ಮೇಜಿನವರ ಗೌರವ ಹೋಗುವುದು ಹಾಗಿರಲಿ, ಅಡುಗೆಮನೆಯಲ್ಲಿ ದಕ್ಕಿದ ಮಗಳ ಕರುಣೆಯೂ ಹೋಗುತ್ತದೆ.

“ಬೈಯುವಾಗ ನನಗೆ ನೆನಪಾಯ್ತು” ಎಂದ.

ಚೆಲ್ಲಿದ ಚಹಾವನ್ನು ಅಂಗೈಯಿಂದ ಸರಿಸುತ್ತ ಮುಂದುವರಿಸಿದ.

“ಅರ್ಧ ಬೈದಿದ್ದೆ. ಆಗ ನೆನಪಾಯ್ತು, ಸುರಿದಿದ್ದು ನಾನೇ ಅಂತ. ನೀವೆಲ್ಲ ನೋಡ್ತಿದ್ರಿ. ಮರ್ಯಾದೆ ಹೋಗತ್ತೆ ಅಂತ ಉಳಿದ ಅರ್ಧಾನೂ ಬೈದೆ.”

ಖಿಮ್‌ಸುಯಿ ಕೆಟಲ್ಲನ್ನು ಕೆಳಗಿಟ್ಟು ಮುಚ್ಚಳ ಸರಿಮಾಡತೊಡಗಿದ. ಹ್ವಾತ್ ರಸ್ತೆಯ ಕಡೆ ತಿರುಗಿದ. ಅಪ್ಪ ಅಂದರೆ ಹೀಗಿರಬೇಕು ಎಂದು ಯಾರೂ ಇನ್ನೊಮ್ಮೆ ಹೇಳಲಿಲ್ಲ. ಗಿಯೋಕ್‌ಲಾನ್ ತಿಯಾಮ್‌ಹೋಕ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬೀಹುನ್‌ಳ ಕೈಯನ್ನು ತಾನೇ ಹಿಡಿದೆತ್ತಿ ಅದರಲ್ಲಿ ಕೀಲಿಯಿಟ್ಟು ಬೆರಳು ಮಡಿಸಿದಳು.

ಬೀಹುನ್ ಕೀಲಿಯನ್ನು ನೋಡಲೇ ಇಲ್ಲ.

“ನೆನಪಿತ್ತಾ?” ಎಂದು ಕೇಳಿದಳು.

“ಇತ್ತು.”

“ಹಣ್ಣು ತಿಂದ ದಿನಾನೂ?”

“ಹೂಂ.”

ಅವಳು ಸ್ಕೂಟರನ್ನು ಒಳಗೆ ತಂದು ಡಬಲ್ ಸ್ಟ್ಯಾಂಡ್ ಹಾಕಿದಳು. ಹಳೆಯ ಆಯಿಲ್ ಇಳಿಸಿದಳು, ಹೊಸದನ್ನು ಅಳೆದು ಸುರಿದಳು, ಇಂಜಿನ್ ಓಡಿಸಿ ಆರಿಸಿ ಕಾದಳು. ಮೇಜಿನವರು ಚಹಾ ಮುಟ್ಟದೆ ಅವಳ ಕೈಯನ್ನೇ ನೋಡುತ್ತಿದ್ದರು. ಕಡ್ಡಿ ಒರೆಸಿ, ಕೊನೆಯವರೆಗೂ ತಿರುಗಿಸಿ, ಬಿಚ್ಚಿ ತೆಗೆದು ಗಿಯೋಕ್‌ಲಾನ್‌ಗೆ ತೋರಿಸಿದಳು. ಆಯಿಲ್ ಎರಡು ಗೆರೆಗಳ ನಡುವೆ ನಿಂತಿತ್ತು. ಗಿಯೋಕ್‌ಲಾನ್ “ಹಾಂ, ಹಾಂ” ಎಂದಳು.

ತಿಯಾಮ್‌ಹೋಕ್‌ನ ಕಾಲು ಚಟದಿಂದ ತಾನಾಗಿ ಆ ಕಡೆ ನಡೆದಿತ್ತು. ಅವನು ಮಗಳ ಬೆನ್ನ ಹಿಂದೆ ನಿಂತು ಕತ್ತು ಚಾಚಿದ್ದ. ಬೀಹುನ್ ತಲೆಯೆತ್ತದೆ ಹೇಳಿದಳು, “ಸ್ವಲ್ಪ ಆ ಕಡೆ ಹೋಗಿ. ಬೆಳಕಿಗೆ ಅಡ್ಡ ಬರ್ತಿದೀರಿ.”

ಹುಟ್ಟಿದಾಗಿನಿಂದ ಅವಳು ಅವನನ್ನು ‘ನೀನು’ ಎಂದೇ ಕರೆದವಳು. ತಿಯಾಮ್‌ಹೋಕ್ ಆ ಕಡೆ ಸರಿದು ನಿಂತ.