ಗಾಜಿನ ಹಿಂದಿನ ಚೀಟಿಗಳು

ಕೊಳಕು ಕಂಡರೆ ವಾರಿಜಾಕ್ಷಿಯ ಕೈ ಸುಮ್ಮನಿರುವುದಿಲ್ಲ. ಉಡುಪಿಯ ಒಂದು ಮಠದ ಗ್ರಂಥಭಂಡಾರದಲ್ಲಿ ಹದಿನಾರು ವರ್ಷ ತಾಳೆಗರಿ ಒರೆಸಿ, ಲಿಂಬೆಹುಲ್ಲಿನ ಎಣ್ಣೆ ಸವರಿ, ಹೊಸ ದಾರ ಪೋಣಿಸಿದವಳು ಅವಳು. ಗಂಡ ಧರ್ಮಪಾಲನ ಕೆಲಸಕ್ಕಾಗಿ ಅಬುಧಾಬಿಗೆ ಬಂದ ಮೇಲೆ ಅಲ್ಲಿನ ಖಾಲಿದಿಯಾ ಬಡಾವಣೆಯ ಒಂದು ಖಾಸಗಿ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ಸರಿಮಾಡುವ ಕೆಲಸ ಸಿಕ್ಕಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇಲ್ಲಿಯೂ ಎಸಿಯ ಜಾಲರಿಯ ಧೂಳನ್ನು ಕೂಡ ಅವಳು ಬಿಟ್ಟವಳಲ್ಲ.

2014ರ ಸೆಪ್ಟೆಂಬರಿನಲ್ಲಿ ಗ್ರಂಥಾಲಯದವರು ಲಂಡನ್ನಿನ ವ್ಯಾಪಾರಿಯೊಬ್ಬನಿಂದ ಹತ್ತೊಂಬತ್ತು ಪಪೈರಸ್ ತುಣುಕುಗಳನ್ನು ಕೊಂಡರು. ಈಜಿಪ್ಟಿನ ಜೊಂಡನ್ನು ಸೀಳಿ, ಹಾಸಿ, ಒತ್ತಿ ಮಾಡಿದ, ಎರಡು ಸಾವಿರ ವರ್ಷ ಹಿಂದಿನ ಕಾಗದ. ಒಂದೊಂದೂ ಎರಡು ಗಾಜುಗಳ ನಡುವೆ ಭದ್ರವಾಗಿತ್ತು. ಎಲ್ಲಿಂದ ಬಂತು ಎಂದು ಕೇಳಿದರೆ ‘ಯುರೋಪಿನ ಹಳೆಯ ಕುಟುಂಬವೊಂದರ ಸಂಗ್ರಹ’ ಎಂಬ ಒಂದು ಸಾಲಿನ ಪತ್ರ. ಕೊಳ್ಳಲೇಬೇಕೆಂದು ಮೊದಲೇ ತೀರ್ಮಾನಿಸಿದವರು ಮಾತ್ರ ಇಂಥ ಪತ್ರವನ್ನು ನಂಬುತ್ತಾರೆ. ನಿಜವಾದ ಮೂಲ ಹುಡುಕುವ ಕೆಲಸ ಅಲ್ಲೇ ನೌಕರಿಗಿದ್ದ ಈಜಿಪ್ಟಿನ ಅಬ್ಬಾಸನದು. ಅವನೋ ರಜೆಯ ಮೇಲೆ ಊರಿಗೆ ಹೋಗಿದ್ದ.

ಅಷ್ಟರಲ್ಲಿ ನವರಾತ್ರಿ ಬಂತು. ಶಾರದೆಯ ಪೂಜೆಗೆ ಮುಂಚೆ ಗ್ರಂಥಗಳನ್ನು ಚೊಕ್ಕ ಮಾಡದೆ ಬಿಟ್ಟ ವರ್ಷವೇ ವಾರಿಜಾಕ್ಷಿಯ ಬದುಕಿನಲ್ಲಿ ಇಲ್ಲ. ಗಾಜುಗಳ ಹಿಂಬದಿಗೆ ಒಂದರ ಮೇಲೊಂದು ಚೀಟಿ ಅಂಟಿಸಿದ್ದರು. ಬೂಸ್ಟು ಹಿಡಿದ, ಹುಳ ತಿಂದ ಅರಬ್ಬಿ ಚೀಟಿಗಳು. ಮುಟ್ಟುವ ಮೊದಲು ಎರಡೂ ಬದಿಯ ಫೋಟೊ ತೆಗೆಯಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ಆದರೆ ಅವಳ ಲೆಕ್ಕದಲ್ಲಿ ಗ್ರಂಥವೆಂದರೆ ಒಳಗಿನದ್ದು, ಹೊರಗಿನದ್ದು ಸುತ್ತಿದ ಬಟ್ಟೆ. ಬಟ್ಟೆಯ ಫೋಟೊ ಯಾರಾದರೂ ತೆಗೆಯುತ್ತಾರೆಯೇ? ಮುಂಬದಿಯ ಫೋಟೊ ತೆಗೆದಳು, ಬಿಸಿನೀರಿನ ಹತ್ತಿಯಿಂದ ಚೀಟಿಗಳನ್ನು ನೆನೆಸಿ ಎಬ್ಬಿಸಿದಳು. ಅಕ್ಷರವಿರುವ ಕಾಗದವನ್ನು ಕಸಕ್ಕೆ ಹಾಕಬಾರದು, ಕಾಲಿಗೆ ತಾಗಬಾರದು. ಆಯುಧಪೂಜೆಯ ಸಂಜೆ ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಕಡಲತಡಿಯ ಕಾರ್ನಿಶ್‌ಗೆ ನಡೆದು, ಕೈಮುಗಿದು ಸಮುದ್ರಕ್ಕೆ ಬಿಟ್ಟಳು. ಮನಸ್ಸು ತುಂಬಿ ಬಂದಿತ್ತು ಅವಳಿಗೆ.

ಮರುವಾರ ಅಬ್ಬಾಸ್ ಬಂದ. ಚಾ ಕೂಡ ಕುಡಿಯದೆ ನೆಟ್ಟಗೆ ಅವಳ ಮೇಜಿನ ಬಳಿಗೆ ಬಂದು, ಊರಿನಿಂದ ತಂದ, ಕಾಣೆಯಾದ ತುಣುಕುಗಳ ಒಂದು ಪಟ್ಟಿಯನ್ನೂ ಅವಳು ತೆಗೆದ ಮುಂಬದಿಯ ಒಂದು ಫೋಟೊವನ್ನೂ ಹರಡಿದ. ಮುಖ ಮಕ್ಕಳ ಮುಖದಂತೆ ಅರಳಿತ್ತು.

“ಸಿಸ್ಟರ್, ಏಳನೆಯ ತುಣುಕು! ತಂಗಿ ಅಣ್ಣನಿಗೆ ಬರೆದ ಹನ್ನೊಂದು ಸಾಲಿನ ಕಾಗದ. ಇದು ನನ್ನ ಅಪ್ಪ ಕಾವಲಿದ್ದ ಉಗ್ರಾಣದ್ದು.”

ಅಪ್ಪನ ಕಥೆಯನ್ನು ಅವನು ಅಂದೇ ಮೊದಲು ಹೇಳಿದ್ದು. ಈಜಿಪ್ಟಿನ ಫಯ್ಯೂಮ್ ಕಡೆಯ ಹಳ್ಳಿಯೊಂದರ ಪ್ರಾಚ್ಯವಸ್ತು ಉಗ್ರಾಣಕ್ಕೆ ಅವನಪ್ಪ ಕಾವಲುಗಾರನಾಗಿ ಸೇರಿದ್ದು 1981ರಲ್ಲಿ. ಐದು ವರ್ಷದ ನಂತರ ಹದಿನೇಳು ತುಣುಕು ಕಾಣೆಯಾಗಿವೆಯೆಂದು ಗೊತ್ತಾಯಿತು. ಮೇಲಿನವರೆಲ್ಲ ಕೈ ತೊಳೆದುಕೊಂಡರು, ಕಾವಲುಗಾರ ಜೈಲಿಗೆ ಹೋದ. ಬಿಡುಗಡೆಯಾದ ಮೇಲೂ ಊರಲ್ಲಿ ಅವನ ಸಲಾಮಿಗೆ ಯಾರೂ ಸಲಾಮು ಹೇಳಲಿಲ್ಲ. ಶುಕ್ರವಾರದ ನಮಾಜಿಗೆ ಹೋಗುವುದನ್ನೂ ಬಿಟ್ಟ. ಈಗ ಹಾಸಿಗೆ ಹಿಡಿದಿದ್ದಾನೆ.

“ಉಗ್ರಾಣ ತೆರೆದ ಪ್ರತಿ ವರ್ಷವೂ ತುಣುಕು ಎಣಿಸಿ, ಗಾಜಿನ ಹಿಂದೆ ತಾರೀಖಿನ ಚೀಟಿ ಅಂಟಿಸುತ್ತಿದ್ದರು. ಕೊನೆಯ ಚೀಟಿ 1981ಕ್ಕಿಂತ ಹಿಂದಿನದಾದರೆ, ಅಪ್ಪ ಸೇರುವ ಮೊದಲೇ ಕಳುವಾದದ್ದು, ಅಪ್ಪ ಕಳ್ಳನಲ್ಲ. ಯಲ್ಲಾ, ಬೇಗ ಗಾಜು ತಿರುಗಿಸಿ ತೋರಿಸಿ.”

ವಾರಿಜಾಕ್ಷಿ ಗಾಜು ತಿರುಗಿಸಿದಳು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಗ್ರಂಥಾಲಯದ ಮುಖ್ಯಸ್ಥೆ ಮಾರ್ಟಿನಾ ಮಂಗಳೂರಿನವಳು. ಸುದ್ದಿ ಕೇಳಿ ಓಡಿ ಬಂದಳು.

“ಎಂತ ಮಾರಾಯ್ರೆ ಮಾಡಿದ್ದು ನೀವು? ಹಿಂದಿನ ಫೋಟೊ ಉಂಟಲ್ಲ?”

“ಇಲ್ಲ.”

“ಚೀಟಿ? ಕಸದ ಬುಟ್ಟಿಯಲ್ಲಾದ್ರೂ ಉಂಟಾ?”

“ಅಕ್ಷರ ಅಲ್ವಾ ಮೇಡಂ, ಕಸಕ್ಕೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ಸಮುದ್ರಕ್ಕೆ ಬಿಟ್ಟೆ.”

ಕಸಕ್ಕೆ ಹಾಕಿದ್ದರೆ ಹುಡುಕಬಹುದಿತ್ತು. ಮಾರ್ಟಿನಾ ಪಟ್ಟಿ ಕೈಗೆತ್ತಿಕೊಂಡಳು. ಪಟ್ಟಿಯ ವಿವರಣೆಗೆ ಹೊಂದುವ ತುಣುಕು ಲೋಕದಲ್ಲಿ ನೂರು ಸಿಕ್ಕೀತು, ಚೀಟಿಯಿಲ್ಲದೆ ಇದು ಆ ಉಗ್ರಾಣದ್ದೆಂದು ಕೂಡ ಹೇಳುವ ಹಾಗಿಲ್ಲ ಎಂದಳು. “ಮಿಂಚಿ ಹೋದದ್ದಕ್ಕೆ ಚಿಂತಿಸಿ ಎಂತ ಮಾಡುವುದು,” ಎನ್ನುತ್ತಾ ರಿಜಿಸ್ಟರಿನಲ್ಲಿ ‘ಮೂಲ ತಿಳಿದಿಲ್ಲ’ ಎಂದು ಬರೆದಳು.

ಅಬ್ಬಾಸ್ ಬೈಯದೆ ಹೊರನಡೆದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ವಾರಿಜಾಕ್ಷಿಗೆ ತಡೆಯಲಾಗಲಿಲ್ಲ, ಅವನ ಹಿಂದೆಯೇ ಕಾರಿಡಾರಿಗೆ ಹೋದಳು.

“ನಾನು ನೋಡಿದ್ದೇನೆ ಅಂತ ಬರೆದುಕೊಡ್ತೇನೆ. ಯಾವ ತಾರೀಖು ಬೇಕು ಹೇಳು, ಸೈನ್ ಹಾಕ್ತೇನೆ.” ಹುಟ್ಟಿದಂದಿನಿಂದ ಸುಳ್ಳಿಗೆ ಹೆದರಿದವಳು ಈ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದಳು.

“ನಿಮಗೆ ಅರಬ್ಬಿ ಓದಲು ಬರುತ್ತದಾ?”

“ಬರುವುದಿಲ್ಲ.”

“ನೋಡದ್ದಕ್ಕೆ ಸೈನ್ ಹಾಕಿದವರೇ ಅಪ್ಪನನ್ನು ಜೈಲಿಗೆ ಕಳಿಸಿದ್ದು, ಸಿಸ್ಟರ್. ಅದನ್ನೇ ನಾವೂ ಮಾಡುವುದು ಬೇಡ. ಖಲಾಸ್.”

ಅವಳೆದುರೇ ಊರಿಗೆ ಫೋನು ಹಚ್ಚಿದ. ಅವನ ಅರಬ್ಬಿಯಲ್ಲಿ ಅವಳಿಗೆ ತಿಳಿದದ್ದು ‘ಮಾಫೀಶ್’ ಎಂಬ ಒಂದೇ ಪದ, ಅಂದರೆ ಇಲ್ಲ. ಆ ಕಡೆಯಿಂದ ಕೆಮ್ಮಿನ ನಡುವೆ ಅಪ್ಪನ ಕ್ಷೀಣವಾದ ದನಿ ಬಂತು. ಅಬ್ಬಾಸ್ ಕಣ್ಣೊರೆಸಿಕೊಂಡು ಅವಳಿಗೆ ತಿಳಿಸಿದ.

“ಚೀಟಿಯ ತಲೆಯಲ್ಲಿ ದೇವರ ಹೆಸರು ಬರೆಯುತ್ತಿದ್ದರಂತೆ. ಅದು ಯಾರ ಕಾಲಿಗೂ ಸಿಗದ ಹಾಗೆ ನೋಡಿಕೊಂಡಿದ್ದಾಳೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ಅಳಬೇಡ ಅನ್ನು ಅಂತಾರೆ. ಮತ್ತೆ ತುಣುಕಿಗೆ ಹುಳ ಹಿಡಿದಿಲ್ಲವಷ್ಟೇ ಅಂತ ಕೇಳ್ತಿದ್ದಾರೆ.”

“ಹಿಡಿದಿಲ್ಲ,” ಎಂದಳು. ಸೆರಗು ಬಾಯಿಗೆ ಒತ್ತಿ ಅಲ್ಲೇ ಗೋಡೆಗೊರಗಿ ಅತ್ತಳು. ಆ ಮುದುಕ ಶಾಪ ಹಾಕಿದ್ದರೂ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಅಬ್ಬಾಸನ ಅಪ್ಪ ತೀರಿಕೊಂಡ. ಊರಿಗೆ ಹೋದ ಅಬ್ಬಾಸ್ ಹತ್ತು ದಿನ ಬಿಟ್ಟು ಬಂದ. ಅಂದು ಮಧ್ಯಾಹ್ನ ವಾರಿಜಾಕ್ಷಿ ತನ್ನ ಬುತ್ತಿಯಲ್ಲಿ ಅರ್ಧವನ್ನು ಅವನ ಮುಂದಿಟ್ಟು, ಕೇಳಬಾರದೆಂದುಕೊಂಡದ್ದನ್ನು ಕೇಳಿಯೇಬಿಟ್ಟಳು.

“ಊರಿನವರು ಬಂದಿದ್ರಾ?”

ಅಬ್ಬಾಸ್ ತುತ್ತನ್ನು ಕೆಳಗಿಟ್ಟ.

“ಹೊರಲಿಕ್ಕೆ ನಾಲ್ಕು ಹೆಗಲು ಬೇಕಲ್ಲ ಸಿಸ್ಟರ್. ನಾನು, ಇಬ್ಬರು ಭಾವಂದಿರು. ಕೈರೋದಿಂದ ನನ್ನನ್ನು ಕರೆತಂದ ಟ್ಯಾಕ್ಸಿಯವನು ಇನ್ನೂ ಹೋಗಿರಲಿಲ್ಲ. ಅವನ ಕೈಕಾಲು ಹಿಡಿದೆ.”